ಕರಿಕಲ್ಲು ತೊಟ್ಟಿಯ ಕಾಳಗ

ವಿಜಯದಶಮಿಯ ದಿವಸ ಮೈಸೂರು ಅರಮನೆಯ ಹೊರಗಣ ಬಯಲಿನಲ್ಲಿ ಜಂಬೂಸವಾರಿಯ ಸಡಗರ ಏರುತ್ತಿರುವಾಗಲೇ, ಒಳಗೆ ಕರಿಕಲ್ಲು ತೊಟ್ಟಿಯೆಂದು ಹೆಸರುಗೊಂಡ ಅಂಗಳದಲ್ಲಿ, ಹದಮಾಡಿ ಹರಡಿದ ಕೆಮ್ಮಣ್ಣಿನ ಕಣದೊಳಕ್ಕೆ ಜಟ್ಟಿಗಳ ಜೋಡಿಗಳು ಇಳಿಯುತ್ತವೆ. ತಲೆಯನ್ನು ನುಣ್ಣಗೆ ಬೋಳಿಸಿ ಜುಟ್ಟನ್ನು ಮಾತ್ರ ಉಳಿಸಿಕೊಂಡ, ಸೊಂಟಕ್ಕೆ ಬಿಗಿದ ಚಲ್ಲಣವೊಂದರ ಹೊರತು ಮೈಮೇಲೆ ಬೇರೆ ವಸ್ತ್ರವಿಲ್ಲದ ಈ ಮಲ್ಲರು ಅರಸುಮನೆತನದವರಿಗೆ ವಂದಿಸಿ, ಬಲಗೈಯ ಬೆರಳುಗಳಿಗೆ ವಜ್ರಮುಷ್ಟಿಯೆಂಬ ಮೊನೆಯುಳ್ಳ ಆಯುಧವನ್ನು ತೊಟ್ಟು, ಎಡಗೈಯಿಂದ ಎದುರಾಳಿಯ ತೋಳನ್ನು ತಡೆಯುತ್ತ, ಸಿಕ್ಕಿದರೆ ಹಿಡಿಯುತ್ತ, ಅವನ ತಲೆಯತ್ತ ಬಲಗೈಯನ್ನು ಬೀಸುತ್ತಾರೆ. ಇಬ್ಬರಲ್ಲಿ ಒಬ್ಬನ ನೆತ್ತಿಯಿಂದ ರಕ್ತ ತೊಟ್ಟಿಕ್ಕಿತೆಂದರೆ ತೀರಿತು. ಪಕ್ಕದಲ್ಲಿಯೇ ರೆಪ್ಪೆಯಿಕ್ಕದೆ ನಿಂತಿರುವ ಉಸ್ತಾದರು ನಡುವೆ ನುಗ್ಗಿ ಇಬ್ಬರನ್ನೂ ಬಿಡಿಸಿಬಿಡುತ್ತಾರೆ. ಎಷ್ಟೋ ವರ್ಷ ಇದೆಲ್ಲವೂ ಒಂದೆರಡು ನಿಮಿಷದೊಳಗೆ ಮುಗಿದುಹೋಗುವುದುಂಟು. ರಕ್ತದರ್ಶನವಾದ ಮೇಲೆಯೇ ಅರಮನೆಯ ವಿಜಯಯಾತ್ರೆ ಹೊರಟು ಬನ್ನಿಯ ಪೂಜೆ ನೆರವೇರತಕ್ಕದ್ದು.

ಹಿಡಿದು ಕೆಡಹುವ ಮಲ್ಲವಿದ್ಯೆಯನ್ನೂ ಗುದ್ದಿ ಒದೆಯುವ ವಿದ್ಯೆಯನ್ನೂ ಒಂದೇ ಕಣದಲ್ಲಿ ಕೂಡಿಸಿದ ಉಗ್ರಕ್ರೀಡೆಯೊಂದನ್ನು ಇಂದಿನ ತರುಣರು ನಿದ್ದೆಗೆಟ್ಟು ನೋಡುತ್ತಾರೆ. ೧೯೯೩ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಏರ್ಪಟ್ಟ ಪಂದ್ಯದಿಂದ ಈಚೆಗೆ ಅದು ಲೋಕಪ್ರಸಿದ್ಧವಾಯಿತು. ಅದರ ಪೂರ್ವಜರನ್ನು ಹುಡುಕುವವರು ಗ್ರೀಸ್ ದೇಶದತ್ತ ಕೈ ತೋರುತ್ತಾರೆ; ಕ್ರಿ.ಪೂ. ೬೪೮ರಲ್ಲಿ ಒಲಿಂಪಿಕ್ ಉತ್ಸವಕ್ಕೆ ಸೇರಿದ ಪ್ಯಾಂಕ್ರೇಷನ್ ಎಂಬ ಪಂದ್ಯದಲ್ಲಿ ಕಚ್ಚುವುದು, ಕಣ್ಣು ಕೀಳುವುದು ಇವೆರಡರ ಹೊರತು ಮಿಕ್ಕುದೆಲ್ಲವೂ ಸಲ್ಲುತ್ತಿತ್ತು. ಕನ್ನಡಿಗರು ಅಷ್ಟು ದೂರ ಹೋಗಬೇಕಾದುದಿಲ್ಲ. ಮಲ್ಲಯುದ್ಧವೂ ಮುಷ್ಟಿಯುದ್ಧವೂ ಬೆರೆತ ಕಾಳಗವೊಂದು ನಮ್ಮ ನೆಲದಲ್ಲಿಯೇ, ಅರಸರ ಆಶ್ರಯದಲ್ಲಿ, ಒಂದು ಸಮುದಾಯದವರ ಕುಲವಿದ್ಯೆಯಾಗಿ, ಶತಮಾನಗಳ ಪರ್ಯಂತ ನಡೆದುಬಂದಿದೆ. ಅದು ಕ್ರೂರವಾದುದು ಎಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಅದರ ಚರಿತ್ರೆಯನ್ನು ಓದುತ್ತ ಹೋದಂತೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಕ್ರೌರ್ಯಕ್ಕಿಂತ ಹೆಚ್ಚಾಗಿ, ಆ ಕ್ರೌರ್ಯಕ್ಕೆ ತಲೆಮಾರಿನಿಂದ ತಲೆಮಾರಿಗೆ ಹಾಕುತ್ತ ಬಂದ ಕಟ್ಟು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳನ್ನು ವರ್ಣಿಸುವ ಭಾಗವಿದೆಯಷ್ಟೆ; ಅದರಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕವಾದೊಂದು ಅಧ್ಯಾಯವೇ ಮೀಸಲಾಗಿದೆ. ರಾಜ್ಯಭಾರದ ನೀತಿಯಿಂದ ಹಿಡಿದು ಅಡುಗೆಯ ಪಾಕದವರೆಗೆ, ಆನೆಯ ಲಕ್ಷಣದಿಂದ ಸಂಗೀತದವರೆಗೆ ಯಾವುದನ್ನೂ ಬಿಡದೆ ಬರೆದ ಆ ದೊರೆ ಜಟ್ಟಿಯ ಸಾಕಣೆಯನ್ನೂ ಅಷ್ಟೇ ಶ್ರದ್ಧೆಯಿಂದ ವಿವರಿಸಿದ್ದಾನೆ. ವಯಸ್ಸು, ಎತ್ತರ, ಬಲಗಳನ್ನು ನೋಡಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ವಿಂಗಡಿಸುವುದು. ಇನ್ನೂ ಬೆಳೆಯತಕ್ಕವನನ್ನು ಭವಿಷ್ಣುವೆಂದೂ ಬಲಿತು ನಿಂತವನನ್ನು ಪ್ರರೂಢನೆಂದೂ ಬೇರೆಮಾಡುವುದು. ಅವರವರ ಯೋಗ್ಯತೆಗೆ ತಕ್ಕ ಆಹಾರವನ್ನು ಅರಮನೆಯಿಂದ ಒದಗಿಸುವುದು. ಭಾರವೆತ್ತುವ ಭಾರಶ್ರಮ, ನಡೆದು ಬರುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬವನ್ನಾಶ್ರಯಿಸಿ ಮಾಡುವ ಸ್ತಂಭಶ್ರಮ, ತೋಳಿಗೆ ತೋಳು ಕೊಟ್ಟು ಸೆಣಸುವ ಬಾಹುಪೆಲ್ಲಣಕಶ್ರಮ ಎಂದು ಅಭ್ಯಾಸಗಳನ್ನು ಹಂಚಿಕೊಡುವುದು. ಇವುಗಳೆಲ್ಲವೂ ಅಲ್ಲಿ ಹೇಳಲ್ಪಟ್ಟಿವೆ. ಗರಡಿಯ ಮಟ್ಟಿಯಲ್ಲಿ ದಂಡ ಹೊಡೆದು, ಗದೆ ತಿರುಗಿಸಿ ಬೆಳೆದ ಮೈಸೂರಿನ ಪೈಲ್ವಾನನೊಬ್ಬನಿಗೆ ಈ ಅಧ್ಯಾಯವನ್ನು ಓದಿ ಹೇಳಿದರೆ, ಒಂಬತ್ತು ನೂರು ವರ್ಷಗಳ ಹಿಂದಿನ ಮಾತೆಂದು ಅವನಿಗೆ ಅನ್ನಿಸಲಾರದು. ಸಮಾನರನ್ನು ಸಮಾನರೊಡನೆಯೇ ಜೋಡಿಸಬೇಕೆಂಬ ನಿಯಮವು ಅರಸನ ಲೇಖನಿಯಿಂದಲೇ ಬಂದಿದೆಯೆಂಬುದು ನನಗೆ ಬಹು ಮುಖ್ಯವಾಗಿ ಕಾಣುತ್ತದೆ. ಮುಂದಿನ ಕಟ್ಟುಪಾಡುಗಳೆಲ್ಲಕ್ಕೂ ಇದೇ ಮೊದಲ ಗಂಟು.

ಈ ವಿದ್ಯೆಯನ್ನು ಕುಲವೃತ್ತಿಯಾಗಿ ನಡೆಸಿದ ಜ್ಯೇಷ್ಠಿಮಲ್ಲರ ಮೂಲವನ್ನು ಐತಿಹ್ಯವು ಗುಜರಾತಿನ ಮೊಢೇರಾದಲ್ಲಿ, ಆ ಪ್ರಸಿದ್ಧ ಸೂರ್ಯದೇವಾಲಯವಿರುವ ಊರಿನಲ್ಲಿ ಕಾಣುತ್ತದೆ. ಅವರ ಕುಲಪುರಾಣವಾದ 'ಮಲ್ಲಪುರಾಣ'ದ ಪ್ರಕಾರ, ಮಥುರೆಯಿಂದ ದ್ವಾರಕೆಗೆ ಹೋಗುತ್ತಿದ್ದ ಶ್ರೀಕೃಷ್ಣನೇ ದಾರಿಯಲ್ಲಿ ಅಲ್ಲಿ ತಂಗಿ, ಸೋಮೇಶ್ವರನೆಂಬ ಬ್ರಾಹ್ಮಣನಿಗೆ ಮಲ್ಲವಿದ್ಯೆಯನ್ನು ಉಪದೇಶಿಸಿದನು. ಚಾಣೂರನನ್ನು ಕೆಡಹಿದವನಿಗಿಂತ ಯೋಗ್ಯನಾದ ಗುರು ಈ ವಿದ್ಯೆಗೆ ಇನ್ನಾರು ದೊರಕಿಯಾರು! ಬೇವಿನ ಮರದಲ್ಲಿ ನೆಲಸಿದ ನಿಂಬಜಾದೇವಿ ಅವರ ಕುಲದೇವತೆ. ಮೈಸೂರು ಸೀಮೆಯ ಜಟ್ಟಿಗಳೂ ಅವಳನ್ನೇ ಪೂಜಿಸುತ್ತ ಬಂದಿದ್ದಾರೆ. ಯಜ್ಞೋಪವೀತವನ್ನು ಧರಿಸುವ, ಶಾಸ್ತ್ರವುಳ್ಳ, ಪುರಾಣವುಳ್ಳ ಈ ಜನ ತೆಂಕಣ ರಾಜ್ಯಗಳಿಗೆ ಹರಡಿಕೊಂಡು ಅರಸರ ಆಸ್ಥಾನಗಳಲ್ಲಿ ನೆಲೆ ಕಂಡರು.

ವಿಜಯನಗರದ ವೈಭವವನ್ನು ಕಣ್ಣಾರೆ ಕಂಡು ಬರೆದಿಟ್ಟ ಪೋರ್ಚುಗೀಸರಿಬ್ಬರು ಈ ಕಾಳಗವನ್ನೂ ಕಂಡಿದ್ದಾರೆ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು ೧೫೨೦ರಲ್ಲಿ, ರಾಜಧಾನಿಗೆ ಬಂದ ಡೊಮಿಂಗೊ ಪಯಸ್ ಮಹಾನವಮಿಯ ಒಂಬತ್ತು ದಿನಗಳ ಉತ್ಸವವನ್ನು ವರ್ಣಿಸುತ್ತ, ರಾಯನ ಸಮ್ಮುಖದಲ್ಲಿ ಸೆಣಸಿದ ಮಲ್ಲರ ವಿಷಯವಾಗಿ ಹೇಳುವ ಮಾತು ಮೈ ನಡುಗಿಸುತ್ತದೆ. ಅವರ ಹೊಡೆತಕ್ಕೆ ಹಲ್ಲುಗಳು ಮುರಿಯುತ್ತಿದ್ದವು, ಕಣ್ಣುಗಳು ಹೋಗುತ್ತಿದ್ದವು, ಮುಖಗಳು ಗುರುತು ಸಿಕ್ಕದಂತೆ ವಿಕಾರವಾಗುತ್ತಿದ್ದವು. ಮಾತು ನಿಂತುಹೋದವರನ್ನು ಗೆಳೆಯರು ಹೊತ್ತುಕೊಂಡು ಹೋಗುತ್ತಿದ್ದರು. ಅದೇ ಉಸಿರಿನಲ್ಲಿ ಪಯಸ್ ಇನ್ನೂ ಒಂದು ಸಂಗತಿಯನ್ನು ತಿಳಿಸುತ್ತಾನೆ: ಆ ಕಣದಲ್ಲಿ ನಾಯಕರೂ ತೀರ್ಪುಗಾರರೂ ಇದ್ದರು, ಇಬ್ಬರೂ ಸಮಬಲರಾಗಿ ನಿಲ್ಲುವಂತೆ ನೋಡಿಕೊಳ್ಳುವುದೂ ಗೆದ್ದವನಿಗೆ ಮರ್ಯಾದೆ ಸಲ್ಲಿಸುವುದೂ ಅವರ ಕೆಲಸ. ಮುರಿದ ಹಲ್ಲನ್ನು ನೆನಪಿನಲ್ಲಿಟ್ಟುಕೊಂಡು ತೀರ್ಪುಗಾರನನ್ನು ಮರೆಯುವುದು ಓದುಗರಿಗೆ ಸಹಜ. ಆದರೆ ಚರಿತ್ರೆಯನ್ನು ಬರೆಯುವವನು ಎರಡನ್ನೂ ಒಟ್ಟಿಗೆ ಹಿಡಿಯಬೇಕು.

ಹದಿನೈದು ವರ್ಷಗಳ ತರುವಾಯ, ಅಚ್ಯುತರಾಯನ ಆಳ್ವಿಕೆಯಲ್ಲಿ ಅಲ್ಲಿದ್ದ ಫೆರ್ನಾವ್ ನೂನಿಜ್ ಎಂಬ ಕುದುರೆ ವ್ಯಾಪಾರಿ ಇನ್ನೂ ನಿಖರವಾಗಿ ಬರೆಯುತ್ತಾನೆ. ಉತ್ಸವಕ್ಕೆಂದು ರಾಯನ ಬಳಿ ಸಾವಿರ ಮಂದಿ ಮಲ್ಲರಿದ್ದರು. ಅವರಿಗೆ ಅವರದೇ ಆದ ನಾಯಕನಿದ್ದನು. ರಾಜ್ಯದಲ್ಲಿ ಅವರಿಗೆ ಬೇರೆ ಯಾವ ಊಳಿಗವೂ ಇರಲಿಲ್ಲ. ಅವರ ಕುಸ್ತಿ ಪೋರ್ಚುಗೀಸರ ಕುಸ್ತಿಯಂತಲ್ಲ. ಮೊನೆಗಳುಳ್ಳ ಬಳೆಯಂಥ ಆಯುಧಗಳನ್ನು ಕೈಯಲ್ಲಿ ಹಿಡಿದು ಒಬ್ಬರನ್ನೊಬ್ಬರು ಹೊಡೆದು ಗಾಯಗೊಳಿಸುತ್ತಿದ್ದರು. ಅತ್ಯಧಿಕವಾಗಿ ಗಾಯಗೊಂಡವನು ಮುಂದೆ ಬಂದು ರಾಯನಿಂದ ರೇಷ್ಮೆಯ ವಸ್ತ್ರವನ್ನು ಪಡೆಯುತ್ತಿದ್ದನು. ಇದು ನಮ್ಮ ವಜ್ರಮುಷ್ಟಿಯೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಗೆದ್ದವನಿಗಲ್ಲದೆ ಗಾಯಗೊಂಡವನಿಗೆ ಉಡುಗೊರೆಯೇಕೆ ಎಂದು ಪರದೇಶೀಯನು ಬೆರಗಾಗಿದ್ದರೆ ಅದು ಅವನ ತಪ್ಪಲ್ಲ. ಈ ಕಣದಲ್ಲಿ ಹರಿದ ರಕ್ತವು ಸೋಲಿನ ಚಿಹ್ನೆಯಾಗಿರದೆ, ದೇವಿಯ ಉತ್ಸವಕ್ಕೆ ಮಲ್ಲನು ಸಲ್ಲಿಸಿದ ಕಾಣಿಕೆಯಾಗಿತ್ತು. ಹೆಚ್ಚು ಸಲ್ಲಿಸಿದವನಿಗೆ ಹೆಚ್ಚಿನ ಮನ್ನಣೆ.

ಮಹಾನವಮಿಯ ಸ್ವರೂಪವನ್ನು ನೆನೆದರೆ ಈ ಕಾಣಿಕೆಯ ಅರ್ಥ ಇನ್ನಷ್ಟು ತಿಳಿಯಾಗುತ್ತದೆ. ಮಳೆಗಾಲ ಹಿಂದಾಗಿ, ಹೊಳೆಗಳು ಇಳಿದು, ದಾರಿಗಳು ಗಟ್ಟಿಯಾಗಿ, ದಂಡು ಹೊರಡಲು ಅನುಕೂಲವಾಗುವ ಋತು ಅದು. ಆಯುಧಗಳನ್ನು ಪೂಜಿಸಿ, ಆನೆ ಕುದುರೆಗಳನ್ನು ಸಿಂಗರಿಸಿ, ಸಾಮಂತರ ಕಾಣಿಕೆಯನ್ನೊಪ್ಪಿಸಿಕೊಂಡು, ಹತ್ತನೆಯ ದಿನ ಸೀಮೆಯ ಎಲ್ಲೆ ದಾಟಿ, ಪಾಂಡವರು ಅಜ್ಞಾತವಾಸದಲ್ಲಿ ಆಯುಧಗಳನ್ನು ಬಚ್ಚಿಟ್ಟ ಶಮೀವೃಕ್ಷವನ್ನು ಅರ್ಚಿಸಿ ಬರುವುದೆಂದರೆ, ಆ ವರ್ಷದ ಯುದ್ಧಕ್ಕೆ ಮುಹೂರ್ತವಿಟ್ಟಂತೆ. ಅಂಥ ಪ್ರಸ್ಥಾನಕ್ಕೆ ಮುನ್ನ ಇಬ್ಬರು ವೀರರ ನಡುವೆ ಅರಸನೆದುರು ನಡೆಯುವ ಕಾಳಗ, ಬರಲಿರುವ ಮಹಾಯುದ್ಧಕ್ಕೆ ಶಕುನವೂ ಹೌದು, ಶಾಂತಿಯೂ ಹೌದು. ಮುಂದೆ ಯುದ್ಧಗಳು ನಿಂತವು, ದಂಡು ಹೊರಡುವುದು ನಿಂತಿತು. ಮುಹೂರ್ತ ಮಾತ್ರ ಉಳಿಯಿತು, ಅದರೊಡನೆ ಕಾಳಗವೂ ಉಳಿಯಿತು.

೧೬೧೦ರಲ್ಲಿ ಶ್ರೀರಂಗಪಟ್ಟಣವನ್ನು ಕೈವಶ ಮಾಡಿಕೊಂಡ ರಾಜ ಒಡೆಯರು ವಿಜಯನಗರದ ಮಹಾನವಮಿಯನ್ನು ಕಾವೇರಿಯ ತಡಿಯಲ್ಲಿ ಮುಂದುವರಿಸಿದರು. ಉತ್ಸವದೊಡನೆ ಜಟ್ಟಿಗಳೂ ಮೈಸೂರು ಅರಸರ ಆಶ್ರಯಕ್ಕೆ ಬಂದರು. ಅರಸರಲ್ಲಿಯೇ ಮಲ್ಲರಿದ್ದರು. ೧೬೩೮ರಿಂದ ೧೬೫೯ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ದೇಹಬಲದ ಕಥೆಗಳು ಹಳೆಯ ಮೈಸೂರಿನ ಮನೆಮಾತು. ತಿರುಚಿನಾಪಳ್ಳಿಯ ಜಟ್ಟಿಯೊಬ್ಬನು ತನ್ನ ಚಲ್ಲಣವನ್ನು ಊರಬಾಗಿಲಿಗೆ ತೂಗುಹಾಕಿಸಿ, ಬಂದವರೆಲ್ಲರೂ ಅದರಡಿಯಲ್ಲಿ ನುಸುಳಿ ಹೋಗಲೆಂದು ಮೆರೆಯುತ್ತಿದ್ದನೆಂದೂ, ಇನ್ನೂ ಪಟ್ಟವೇರದಿದ್ದ ಕಂಠೀರವನು ವೇಷ ಮರೆಸಿಕೊಂಡು ಅಲ್ಲಿಗೆ ಹೋಗಿ ಅವನನ್ನು ಕೆಣಕಿ, ಕಣದಲ್ಲಿ ಕೊಂದು, ಯಾರ ಕೈಗೂ ಸಿಕ್ಕದೆ ಹಿಂದಿರುಗಿದನೆಂದೂ ಐತಿಹ್ಯ. ಇದರಲ್ಲಿ ಎಷ್ಟು ಚರಿತ್ರೆ, ಎಷ್ಟು ಅಭಿಮಾನ ಎಂದು ತೂಗುವುದು ಕಷ್ಟ. ಒಂದಂತೂ ಸ್ಪಷ್ಟ: ದೊರೆಯಾಗತಕ್ಕವನು ಮಟ್ಟಿಗಿಳಿದರೆ ಅವನ ಘನತೆ ಕುಂದುವುದೆಂದು ಆ ಕಾಲದ ಜನ ಭಾವಿಸಿರಲಿಲ್ಲ, ಇಳಿದದ್ದಕ್ಕಾಗಿಯೇ ಅವನನ್ನು ರಣಧೀರನೆಂದು ಹಾಡಿ ಹೊಗಳಿದರು.

ಈ ಕಾಳಗದ ಅತ್ಯಂತ ಸೂಕ್ಷ್ಮವಾದ ವರ್ಣನೆಯನ್ನು ನಮಗೆ ಕೊಟ್ಟವನು ಆಂಗ್ಲ ಸೇನಾಧಿಕಾರಿ ಮಾರ್ಕ್ ವಿಲ್ಕ್ಸ್. ಟೀಪೂ ಸುಲ್ತಾನನ ಪತನಾನಂತರ, ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ರೆಸಿಡೆಂಟನಾಗಿದ್ದ ಅವನು, ೧೮೧೦ರಿಂದ ಪ್ರಕಟವಾಗತೊಡಗಿದ ತನ್ನ ದಕ್ಷಿಣ ಭಾರತದ ಇತಿಹಾಸಗ್ರಂಥದಲ್ಲಿ ದಸರೆಯ ಜಟ್ಟಿಕಾಳಗವನ್ನು ಹತ್ತಿರದಿಂದ ಕಂಡವನಂತೆ ಚಿತ್ರಿಸಿದ್ದಾನೆ. ಅರ್ಧ ತೊಡೆಯವರೆಗೆ ಬರುವ ತಿಳಿಗಾವಿ ಬಣ್ಣದ ಚಲ್ಲಣ, ಕೊರಳಲ್ಲಿ ಹೂಮಾಲೆ, ಬಲಗೈಯಲ್ಲಿ ಎಮ್ಮೆಯ ಕೋಡಿನಿಂದ ಮಾಡಿದ ಆಯುಧ. ಹೀಗೆ ಸಜ್ಜಾದ ಜೋಡಿಗಳನ್ನು, ಮೊದಲೇ ಒಬ್ಬರಿಗೊಬ್ಬರು ತಕ್ಕವರೆಂದು ಹಿರಿಯರು ಗೊತ್ತುಮಾಡಿಟ್ಟ ಕ್ರಮದಲ್ಲಿ, ಕಣಕ್ಕೆ ಕರೆತರುತ್ತಿದ್ದರು. ಪ್ರತಿಯೊಬ್ಬನ ಹೆಸರನ್ನೂ ಊರನ್ನೂ ಸಾರಿ ಹೇಳಲಾಗುತ್ತಿತ್ತು. ದಂತದ ಸಿಂಹಾಸನದಲ್ಲಿ ಕುಳಿತ ಅರಸರಿಗೆ ಮೊದಲೂ, ಜಾಲಂಧ್ರಗಳ ಹಿಂದೆ ಕುಳಿತ ರಾಣೀವಾಸದವರಿಗೆ ಅನಂತರವೂ ಸಾಷ್ಟಾಂಗವೆರಗಿ, ಕೊರಳಿನ ಮಾಲೆಗಳನ್ನು ತೆಗೆದು ಹೂಗಳನ್ನು ಕಣದ ತುಂಬ ಚೆಲ್ಲಿ, ಆಮೇಲೆ ಅವರು ಕಾಳಗಕ್ಕೆ ನಿಲ್ಲುತ್ತಿದ್ದರು.

ಆ ಆಯುಧವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೈಗೆ ಹೊಂದುವಂತೆ ಕಡೆದ ಕೋಡಿನ ಮೇಲೆ, ಮುಷ್ಟಿ ಬಿಗಿದಾಗ ಬೆರಳಿನ ಗೆಣ್ಣುಗಳು ಎದ್ದು ನಿಲ್ಲುವ ಸ್ಥಾನಗಳಿಗೆ ಸರಿಯಾಗಿ, ಚೂಪಾದ ನಾಲ್ಕು ಮೊನೆಗಳಿವೆ. ಕಿರುಬೆರಳಿನ ಕಡೆಯ ತುದಿಯಲ್ಲಿ, ಈ ನಾಲ್ಕಕ್ಕೂ ಅಡ್ಡಲಾಗಿ, ಅವುಗಳಿಗಿಂತ ದೊಡ್ಡದಾದ ಐದನೆಯ ಮೊನೆಯೊಂದಿದೆ. ಇದನ್ನು ಅಂಗೈಗೆ ಭದ್ರವಾಗಿ ಕೂರಿಸಿ ಹೊಡೆದರೆ ಸಾಧಾರಣ ಬಲದವನೂ ಒಂದೇ ಏಟಿಗೆ ಎದುರಾಳಿಯ ತಲೆಯನ್ನು ಸೀಳಿಬಿಡಬಲ್ಲನೆಂದು ವಿಲ್ಕ್ಸ್ ಹೇಳುತ್ತಾನೆ. ಆದರೆ ಜಟ್ಟಿಗಳು ಅದನ್ನು ಹಾಗೆ ಕೂರಿಸುತ್ತಿರಲಿಲ್ಲ. ಬೆರಳುಗಳನ್ನು ಅದರೊಳಗೆ ತೂರಿಸಿ, ಬುಡದ ಕೀಲಿನಿಂದ ಮುಂದೆ, ಎರಡು ಗೆಣ್ಣುಗಳ ನಡುವೆ, ಬೆರಳುಗಳಿಗೆ ಅಡ್ಡವಾಗಿ ಕಟ್ಟುತ್ತಿದ್ದರು. ಹಾಗೆ ಕಟ್ಟಿಕೊಂಡವನು ಮೈಮರೆತು ಪೂರ್ಣಬಲದಿಂದ ಹೊಡೆದನೋ, ಅವನ ನಾಲ್ಕೂ ಬೆರಳುಗಳ ಕೀಲು ತಪ್ಪುವುದು. ಎಂದರೆ, ಎದುರಾಳಿಯ ಪ್ರಾಣಕ್ಕೆ ಕಾವಲಾಗಿ ಹೊಡೆಯುವವನ ಕೈಬೆರಳುಗಳನ್ನೇ ಒತ್ತೆಯಿಟ್ಟಿದ್ದರು! ನಿಯಮವನ್ನು ಬಾಯಲ್ಲಿ ಹೇಳಿದರೆ ರೋಷದ ಭರದಲ್ಲಿ ಮರೆತುಹೋಗುತ್ತದೆ, ಬರೆದಿಟ್ಟರೆ ಓದುವವರಿರುವುದಿಲ್ಲ. ಆದಕಾರಣ ಆಯುಧವನ್ನು ಕಟ್ಟುವ ರೀತಿಯಲ್ಲಿಯೇ ನಿಯಮವನ್ನು ಹುದುಗಿಸಿಟ್ಟ ಆ ಅಜ್ಞಾತ ಉಸ್ತಾದನ ಬುದ್ಧಿಗೆ ನಾನು ಕೈಮುಗಿಯುತ್ತೇನೆ. ಕ್ರೂರವಾದ ಆಟವೊಂದನ್ನು ಮನುಷ್ಯರು ಆಡಬಹುದಾದ ಆಟವಾಗಿ ಉಳಿಸಿದುದು ಈ ಎರಡು ಗೆಣ್ಣುಗಳ ನಡುವಣ ಅಂತರ.

ಆದರೂ ಅದು ಕೋಮಲವಾದ ವಿನೋದವೇನೂ ಆಗಿರಲಿಲ್ಲ. ಕುಸ್ತಿಯೂ ಮುಷ್ಟಿಯೂ ಬೆರೆತ ಆ ಹೋರಾಟದಲ್ಲಿ ಹೊಡೆಯತಕ್ಕ ಸ್ಥಾನ ತಲೆಯೊಂದೇ. ಮೈಯ ಮೇಲೆ ಬೇರೆಲ್ಲಿಯೂ ಏಟು ಸಲ್ಲದು. ತೋಳಿಗೆ ತೋಳು ತೊಡಕಿ, ಕಾಲಿಗೆ ಕಾಲು ಕೊಟ್ಟು, ಪಟ್ಟಿಗೆ ಪ್ರತಿಪಟ್ಟು ಹಾಕುತ್ತ, ಕೆಳಗೆ ಬಿದ್ದವನ ಮೇಲೆ ಬಿದ್ದು ಹೊರಳಾಡುತ್ತ, ಮಧ್ಯೆ ಮಧ್ಯೆ ಬಿಡಿಸಿಕೊಂಡ ಬಲಗೈ ನೆತ್ತಿಯ ಮೇಲೆ ಇಳಿಯುತ್ತಿತ್ತು. ಕಾಳಗ ಮುಗಿಯುವ ವೇಳೆಗೆ ಎಷ್ಟೋ ವೇಳೆ ಇಬ್ಬರ ನೆತ್ತಿಯಿಂದಲೂ ಇಳಿದ ರಕ್ತ ಪಾದದ ಕೆಳಗಣ ಮರಳನ್ನು ಮುಟ್ಟುತ್ತಿತ್ತು. ಗೆಲವು ಯಾರದೆಂದು ಸ್ಪಷ್ಟವಾದಾಗ, ಅಥವಾ ಇಬ್ಬರ ಹಟವೂ ಮಿತಿಮೀರಿ ಅಪಾಯಕ್ಕೆ ಹತ್ತಿರವಾದಾಗ, ಅರಸರ ಬಳಿಯಿದ್ದ ಮಧ್ಯಸ್ಥರು ಪಾಗು ನಿಲುವಂಗಿಗಳನ್ನು ಕಣದೊಳಕ್ಕೆ ಎಸೆಯುತ್ತಿದ್ದರು. ಅದೇ ನಿಲ್ಲಿಸಬೇಕೆಂಬ ಆಜ್ಞೆ, ಅದೇ ಇಬ್ಬರಿಗೂ ಉಡುಗೊರೆ. ಗೆದ್ದವನು ತಾನಿನ್ನೂ ದಣಿದಿಲ್ಲವೆಂದು ತೋರಿಸುವುದಕ್ಕೋಸ್ಕರ ನಾಲ್ಕೈದು ಲಾಗ ಹೊಡೆದು ಕಣದಿಂದ ನಿರ್ಗಮಿಸುತ್ತಿದ್ದನು. ಮೈಯೆಲ್ಲ ರಕ್ತವಾದವನು ಗಾಳಿಯಲ್ಲಿ ಲಾಗ ಹಾಕಿ ಹೊರನಡೆಯುವ ಆ ನೋಟವನ್ನು ನೆನೆದರೆ ಇಂದಿಗೂ ರೋಮಾಂಚವಾಗುತ್ತದೆ.

ಜಟ್ಟಿಗಳಲ್ಲಿ ಐದು ವರ್ಗಗಳಿದ್ದವೆಂದೂ, ಗೆದ್ದವನಿಗೆ ಸಾಮಾನ್ಯವಾಗಿ ದೊರೆಯುವ ಫಲವೆಂದರೆ ಮೇಲಿನ ವರ್ಗಕ್ಕೆ ಬಡ್ತಿಯೆಂದೂ, ಮೊದಲ ವರ್ಗದವರಿಗೆ ವಿಶೇಷವಾದ ಸನ್ಮಾನಗಳಿದ್ದು ವೃದ್ಧಾಪ್ಯದಲ್ಲಿ ಅವರೇ ಉತ್ಸವದ ಯಜಮಾನರಾಗುತ್ತಿದ್ದರೆಂದೂ ವಿಲ್ಕ್ಸ್ ತಿಳಿಸುತ್ತಾನೆ. ಈ ವ್ಯವಸ್ಥೆಯ ಸೊಗಸನ್ನು ಗಮನಿಸಬೇಕು. ಯಾರಿಗೆ ಯಾರು ಜೋಡಿಯೆಂದು ಗೊತ್ತುಮಾಡುವವನು ತಾನೇ ಒಂದು ಕಾಲದಲ್ಲಿ ಹಾಗೆ ಜೋಡಿಯಾಗಿ ನಿಂತವನು. ಎಷ್ಟು ರಕ್ತ ಸಾಕು, ಎಷ್ಟು ಹೆಚ್ಚು ಎಂಬುದು ಅವನಿಗೆ ಗ್ರಂಥದಿಂದ ತಿಳಿದದ್ದಲ್ಲ, ಅವನ ನೆತ್ತಿಯ ಮೇಲಿನ ಹಳೆಯ ಕಲೆಗಳಿಂದ ತಿಳಿದದ್ದು. ಹೊರಗೆ ಕುಳಿತು ಹಣ ಕಟ್ಟಿದವರ ಕೈಗೆ ಕಾಳಗದ ಲಗಾಮು ಹೋಗದಿದ್ದುದೇ ಈ ಪದ್ಧತಿಯನ್ನು ಕಾಪಾಡಿತೆಂದು ನಾನು ನಂಬುತ್ತೇನೆ.

ಲಗಾಮು ತಪ್ಪಿದರೆ ಏನಾಗುವುದೆಂಬುದಕ್ಕೆ ಬರೋಡೆಯ ನಿದರ್ಶನವಿದೆ. ಫ್ರಾನ್ಸಿನ ಪ್ರವಾಸಿ ಲೂಯಿ ರೂಸೆಲೆ ೧೮೬೦ರ ದಶಕದಲ್ಲಿ ಖಂಡೇರಾವ್ ಗಾಯಕವಾಡರ ಆಸ್ಥಾನದಲ್ಲಿ ಇದೇ ವಂಶದ ಕಾಳಗವೊಂದನ್ನು ಕಂಡನು. ಅಲ್ಲಿ ಉಗುರಿನಾಕಾರದ ಕೋಡಿನ ಮೊನೆಗಳನ್ನು ಕೈಗೆ ಕಟ್ಟಿಕೊಳ್ಳುತ್ತಿದ್ದರು. ಅದಕ್ಕೂ ಹಿಂದೆ ಅವು ಉಕ್ಕಿನವಾಗಿದ್ದವಂತೆ. ಭಂಗಿ ಅಫೀಮುಗಳ ಅಮಲಿನಲ್ಲಿದ್ದ ಮಲ್ಲರು ಹಾಡುತ್ತ ಬಂದು ಒಬ್ಬರನ್ನೊಬ್ಬರು ಹುಚ್ಚರಂತೆ ಸೀಳಿಕೊಂಡುದನ್ನು ನೋಡಲಾರದೆ ಅವನು ಜುಗುಪ್ಸೆಗೊಂಡನು. ಆಯುಧ ಒಂದೇ ಬಗೆಯದು, ಕುಲಮೂಲವೂ ಹತ್ತಿರದ್ದು. ಅಮಲು ಬಂದ ಕಡೆ ವಿದ್ಯೆ ಉಳಿಯಲಿಲ್ಲ.

ಮೈಸೂರಿನ ಜಟ್ಟಿಗಳ ಬಾಳಿನಲ್ಲಿಯೂ ಕತ್ತಲೆಯ ಪುಟಗಳಿವೆ. ಅವನ್ನು ಮುಚ್ಚಿಡುವುದು ಚರಿತ್ರೆಗೆ ಮಾಡುವ ದ್ರೋಹ. ಶ್ರೀರಂಗಪಟ್ಟಣದಲ್ಲಿ ಟೀಪೂ ಸುಲ್ತಾನನ ಸೆರೆಯಲ್ಲಿದ್ದು ಬದುಕಿ ಬಂದ ಆಂಗ್ಲರ ವೃತ್ತಾಂತಗಳಲ್ಲಿ ಜಟ್ಟಿಗಳು ಕಾಣಿಸಿಕೊಳ್ಳುವುದು ಮಲ್ಲರಾಗಿ ಅಲ್ಲ, ಮರಣದಂಡನೆಯನ್ನು ಜಾರಿಗೆ ತರುವವರಾಗಿ. ನೆಲದ ಮೇಲೆ ಕೂರಿಸಿದ ಸೆರೆಯಾಳಿನ ಕತ್ತನ್ನು ಬರಿಗೈಯಿಂದ ತಿರುಚಿ ಮುರಿಯುವ ಕೆಲಸಕ್ಕೆ ಅವರನ್ನು ನೇಮಿಸಿದ್ದರು. ಜೀವಮಾನವಿಡೀ ಸಾಧನೆಮಾಡಿ ಗಳಿಸಿದ ತೋಳ್ಬಲವನ್ನು, ಕೈಕಟ್ಟಿಸಿಕೊಂಡು ಕುಳಿತವನ ಮೇಲೆ ಪ್ರಯೋಗಿಸಬೇಕೆಂದು ಪ್ರಭುವು ಅಪ್ಪಣೆ ಕೊಡಿಸಿದರೆ, ಅನ್ನದ ಋಣಕ್ಕೆ ಕಟ್ಟುಬಿದ್ದವನು ಏನು ಮಾಡಿಯಾನು? ಕಣದಲ್ಲಿ ಎದುರಾಳಿಯ ಪ್ರಾಣವನ್ನು ಕಾಯಲು ಅಷ್ಟೊಂದು ಎಚ್ಚರ ವಹಿಸಿದ ವಿದ್ಯೆಗೆ ಇದಕ್ಕಿಂತ ದೊಡ್ಡ ಅಪಚಾರ ಬೇರೊಂದಿಲ್ಲ. ಆ ಅಪಚಾರದ ಹೊಣೆ ಜಟ್ಟಿಗಳದಲ್ಲ, ಅವರನ್ನು ಆಳಿದವರದು.

ಇನ್ನೊಂದು ಬದಿಯಲ್ಲಿ, ತಂಜಾವೂರಿನ ಅರಸರು ಖಜಾನೆಯ ಮತ್ತು ಒಡವೆಯ ಕೋಣೆಗಳ ಕಾವಲಿಗೆ ಜಟ್ಟಿಗಳನ್ನೇ ನಂಬಿದ್ದರೆಂದೂ, ಆ ಅರಸುಮನೆತನ ಮುಗಿದ ಬಳಿಕ ಅವರಲ್ಲಿ ಅನೇಕರು ಮೈಸೂರಿಗೆ ವಲಸೆ ಬಂದರೆಂದೂ ಎಡ್ಗರ್ ಥರ್ಸ್ಟನ್ ೧೯೦೯ರಲ್ಲಿ ಪ್ರಕಟಿಸಿದ ಗ್ರಂಥದಿಂದ ತಿಳಿಯುತ್ತದೆ. ಎಣ್ಣೆ ನೀವಿ ನರಗಳ ನೋವನ್ನು ಕಳೆಯುವುದರಲ್ಲಿ, ಉಳುಕು ತೆಗೆಯುವುದರಲ್ಲಿ, ಮುರಿದ ಮೂಳೆ ಕೂಡಿಸಿ ಕಟ್ಟು ಹಾಕುವುದರಲ್ಲಿ ಜಟ್ಟಿಗಳ ಕೈಗುಣವನ್ನು ನೆಚ್ಚಿಕೊಂಡ ಮನೆಗಳು ಹಳೆಯ ಮೈಸೂರು ಸೀಮೆಯಲ್ಲಿ ಬಹಳ. ಮುರಿಯುವುದನ್ನು ಅರಿತವನೇ ಕೂಡಿಸುವುದನ್ನೂ ಅರಿತಿರುವುದು ಅಚ್ಚರಿಯಲ್ಲ. ಗರಡಿಯಲ್ಲಿ ಕೀಲು ತಪ್ಪಿದ ಹುಡುಗನ ತೋಳನ್ನು ಕೂಡಿಸುತ್ತ ಕೂಡಿಸುತ್ತಲೇ ಉಸ್ತಾದನ ಬೆರಳುಗಳಿಗೆ ದೇಹದ ಎಲುಬು ಎಲುಬೂ ಪರಿಚಯವಾಗಿರುತ್ತದೆ.

೧೭೯೯ರ ತರುವಾಯ ರಾಜಧಾನಿ ಮೈಸೂರಿಗೆ ಬಂದಿತು, ದಸರೆಯೂ ಬಂದಿತು. ೧೮೯೭ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಗಿ, ೧೯೧೨ರ ವೇಳೆಗೆ ಈಗಿನ ಅರಮನೆ ಎದ್ದು ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರ ಮತ್ತು ಜಯಚಾಮರಾಜ ಒಡೆಯರ ಕಾಲಗಳಲ್ಲಿ ಕಾಳಗ ನಡೆಯುತ್ತಲೇ ಬಂತು. ರಾಜತ್ವ ಅಳಿದು ಪ್ರ‌ಜಾರಾಜ್ಯ ಬಂದ ಮೇಲೂ, ೧೯೭೧ರಲ್ಲಿ ರಾಜಧನ ರದ್ದಾದ ಮೇಲೂ, ಅಂಬಾರಿಯಲ್ಲಿ ಅರಸರ ಸ್ಥಾನಕ್ಕೆ ಚಾಮುಂಡೇಶ್ವರಿಯ ವಿಗ್ರಹ ಬಂದ ಮೇಲೂ, ಅರಮನೆಯ ಖಾಸಗಿ ಪೂಜಾವಿಧಿಗಳ ಅಂಗವಾಗಿ ಅದು ಉಳಿದುಕೊಂಡಿತು. ವಿಜಯನಗರದ ಸಾವಿರ ಮಲ್ಲರ ಸ್ಥಾನದಲ್ಲಿ ಇಂದು ಎರಡು ಜೋಡಿ. ಮುರಿದ ಹಲ್ಲು, ಹೋದ ಕಣ್ಣುಗಳ ಸ್ಥಾನದಲ್ಲಿ ನೆತ್ತಿಯ ಮೇಲೊಂದು ಗೀರು. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜಟ್ಟಿಮನೆಗಳ ಯುವಕರು ವಾರಗಟ್ಟಲೆ ವ್ರತದಂತೆ ಅಭ್ಯಾಸ ಮಾಡಿ ಆ ಒಂದೆರಡು ನಿಮಿಷಗಳಿಗಾಗಿ ಬರುತ್ತಾರೆ. ಇದನ್ನು ಕಂಡು ಕಾಳಗ ಕ್ಷೀಣಿಸಿತೆಂದು ಮರುಗುವವರಿದ್ದಾರೆ, ನಾನು ಮರುಗಲಾರೆ. ರಕ್ತದ ಪ್ರಮಾಣವನ್ನು ಕಡಿಮೆಮಾಡುತ್ತ ಮಾಡುತ್ತ ವಿಧಿಯನ್ನು ಮಾತ್ರ ಕೆಡದಂತೆ ಉಳಿಸಿಕೊಂಡುದು ಆ ಕುಲದವರ ವಿವೇಕ. ಮರುಗಬೇಕಾದುದು ಬೇರೆ ಸಂಗತಿಗೆ: ತೊಡಕುವ, ತಪ್ಪಿಸುವ, ಬಿಡಿಸಿಕೊಳ್ಳುವ ಆ ಪಟ್ಟುಗಳ ಸಂಪತ್ತು, ಎರಡು ನಿಮಿಷದ ವಿಧಿಗೆ ಬೇಕಾಗದೆಂದು, ಉಸ್ತಾದರೊಡನೆಯೇ ಮಣ್ಣಾಗುತ್ತಿದೆ. ದೇವರಾಜ ಅರಸು ಕ್ರೀಡಾಂಗಣದ ದಸರಾ ಕುಸ್ತಿಗೆ ಜನ ಕಿಕ್ಕಿರಿದು ಸೇರುತ್ತಾರೆ, ಗರಡಿಗಳಲ್ಲಿ ಇನ್ನೂ ಹುಡುಗರು ಮಟ್ಟಿ ಅಗೆಯುತ್ತಾರೆ. ಆದರೆ ವಜ್ರಮುಷ್ಟಿಯನ್ನು ಬೆರಳಿಗೆ ಕಟ್ಟುವ ಸರಿಯಾದ ಕ್ರಮವನ್ನು ಬಲ್ಲವರು ಕೆಲವೇ ಮನೆಗಳಲ್ಲಿದ್ದಾರೆ.

ಪಯಸ್, ನೂನಿಜ್, ವಿಲ್ಕ್ಸ್ ಮೂವರೂ ಮಲ್ಲರ ಗಾಯಗಳನ್ನು ವರ್ಣಿಸಿದರು, ಅರಸರ ವೈಭವವನ್ನು ವರ್ಣಿಸಿದರು. ಕಣದಲ್ಲಿ ಪ್ರತಿಯೊಬ್ಬ ಜಟ್ಟಿಯ ಹೆಸರನ್ನೂ ಊರನ್ನೂ ಸಾರುತ್ತಿದ್ದರೆಂದು ಅವರಲ್ಲಿ ಕೊನೆಯವನು ಬರೆದನು, ಆದರೆ ಒಂದು ಹೆಸರನ್ನೂ ಆ ವರ್ಣನೆಯಲ್ಲಿ ಬರೆದಿಡಲಿಲ್ಲ. ಪರದೇಶೀಯರು ಮಾಡದುದನ್ನು ನಾವಾದರೂ ಮಾಡಬೇಡವೆ? ಜಟ್ಟಿಮನೆಗಳ ಹಿರಿಯರಿಗೆ ತಮ್ಮ ತಂದೆ ತಾತಂದಿರು ಯಾವ ವರ್ಷ ಯಾರೊಡನೆ ಕಣಕ್ಕಿಳಿದರು, ಯಾವ ಪಟ್ಟಿನಿಂದ ಬಿಡಿಸಿಕೊಂಡರು, ಯಾರಿಗೆ ಪಾಗು ದೊರಕಿತು ಎಂಬುದು ಇನ್ನೂ ನೆನಪಿನಲ್ಲಿದೆ. ಚರಿತ್ರೆಯನ್ನು ಓದುತ್ತಿರುವ ನಮ್ಮ ತರುಣರು ಆ ಮನೆಗಳ ಜಗಲಿಯ ಮೇಲೆ ಕುಳಿತು, ಆ ಹೆಸರುಗಳನ್ನೂ ಪಟ್ಟುಗಳನ್ನೂ ಕೇಳಿ, ಬರೆದುಕೊಳ್ಳಲಿ. ಅದಕ್ಕೆ ಮುಂದಿನ ದಸರೆಯವರೆಗೆ ಕಾಯುವುದು ಬೇಡ.